ಯಾವ ಎಣ್ಣಿ?

ರೋಣ, ನರಗುಂದ, ಗಜೇಂದ್ರಗಡದ ಎರೆ ಹೊಲಗಳಲ್ಲಿ ಯಾರೂ ಕೀಟನಾಶಕ ಸಿಂಪಡಿಸುವುದಿಲ್ಲ. ಎಣ್ಣಿ ಹೊಡೆಯುತ್ತಾರೆ. ಹೆಸರಿಗೂ ಎಣ್ಣಿ, ಹತ್ತಿಗೂ ಎಣ್ಣಿ, ಕಡ್ಲಿಗೂ ಎಣ್ಣಿ. ಹುಳ ಸಾಯಿಸುವುದು ಕೀಡಿ ಎಣ್ಣಿ, ಕಳೆ ಸುಡುವುದು ಕಸದ ಎಣ್ಣಿ, ಮಾರುವುದು ಎಣ್ಣಿ ಅಂಗಡಿ. ಮೈಸೂರು ಸೀಮೆಯ ಗೆಳೆಯರು ಇದನ್ನೇ ಔಷಧಿ ಅನ್ನುತ್ತಾರೆ. ಒಂದು ಹೆಸರು ಅಡುಗೆಮನೆಯಿಂದ ಬಂದದ್ದು, ಇನ್ನೊಂದು ದವಾಖಾನೆಯಿಂದ. ಯಾರಾದರೂ ಕುಡಿದು ಸತ್ತ ದಿನ ಮಾತ್ರ ಅದು ವಿಷ.

ನಾನು ಧಾರವಾಡದಲ್ಲಿದ್ದುಕೊಂಡು ಕೃಷಿ ಕೂಲಿ ಮತ್ತು ಕಾನೂನಿನ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹುಟ್ಟಿದ್ದು ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಕಳೆದ ಎರಡು ಹಂಗಾಮು ಈ ಮೂರೂ ತಾಲ್ಲೂಕುಗಳಲ್ಲಿ ಪಂಪು ಹೊರುವವರ ಹಿಂದೆ ತಿರುಗಿದೆ. ಎಲ್ಲರಿಗೂ ಕೇಳಿದ ಮೊದಲ ಪ್ರಶ್ನೆ ಒಂದೇ: ಇವತ್ತು ಹೊಡೆದದ್ದು ಯಾವ ಎಣ್ಣಿ? "ಮಾಲಕರು ತಂದಿದ್ರರೀ." "ಬಿಳೇ ಡಬ್ಬಿದು." "ಭಾಳ ನಾರತಿತ್ತು ನೋಡ್ರಿ, ಅದು." ಒಬ್ಬ ಹಿರಿಯರು ಮಾತ್ರ ನನ್ನನ್ನೇ ತಿರುಗಿ ಕೇಳಿದರು: "ಕೂಲಿ ಎಷ್ಟಂತ ಕೇಳೂದು ಬಿಟ್ಟು ಎಣ್ಣಿ ಹೆಸರ ಯಾಕ ಕೇಳ್ತೀಯವ್ವಾ?"

ಆ ಹೆಸರನ್ನು ತಿಳಿಸಬೇಕಾದದ್ದು ತಯಾರಿಸುವ, ಮಾರುವ ಕಂಪನಿಗಳ ಕಾನೂನುಬದ್ಧ ಹೊಣೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಸಾಗಣೆಯಲ್ಲಿ ಆಹಾರದ ಜೊತೆಗೇ ವಿಷವೂ ಬಂದಿತ್ತು. ಆ ದುರಂತದ ತನಿಖೆಯ ನಂತರ 1968ರ ಕೀಟನಾಶಕ ಕಾಯ್ದೆ ಬಂತು, 1971ರಲ್ಲಿ ಅದರ ನಿಯಮಗಳು. ಪ್ರತಿ ಪೊಟ್ಟಣದಲ್ಲೂ ಒಂದು ಮಾಹಿತಿ ಚೀಟಿ ಇರಲೇಬೇಕು ಅನ್ನುತ್ತವೆ ಆ ನಿಯಮಗಳು. ಅದರಲ್ಲಿ ರಾಸಾಯನಿಕದ ಸಾಮಾನ್ಯ ಹೆಸರು, ವಿಷವೇರಿದರೆ ಕಾಣುವ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷ, ಚರ್ಮ, ಕಣ್ಣು, ಮೂಗು, ಗಂಟಲಿಗೆ ಆಗುವ ಉರಿ, ಖಾಲಿ ಡಬ್ಬಿಯನ್ನು ಏನು ಮಾಡಬೇಕು, ಇಷ್ಟೂ ಇರಬೇಕು. ಹಿಂದಿ, ಇಂಗ್ಲಿಷಿನ ಜೊತೆ ಮಾಲು ಮಾರಾಟವಾಗುವ ಸೀಮೆಯ ಒಂದೋ ಎರಡೋ ಭಾಷೆಯಲ್ಲೂ ಇರಬೇಕು. ಓದಲು ಕುಳಿತಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ನಮ್ಮ ದೇಶದಲ್ಲಿ ಕನ್ನಡದಲ್ಲಿ ತಿಳಿಸು ಎಂದು ಕಂಪನಿಗೆ ಹೇಳುವ ಕಾನೂನುಗಳು ಎಷ್ಟಿವೆ?

ರೋಣದ ಒಂದು ಅಂಗಡಿಯ ಮುಂದೆ ಅರ್ಧ ದಿನ ಕುಳಿತಿದ್ದೆ. ಶ್ರಾವಣದ ಸಮಯ, ಹೆಸರಿಗೆ ಕೀಡಿ ಬಿದ್ದಿತ್ತು, ಗಿರಾಕಿಗಳ ಸಾಲು. ಬಂದವರಲ್ಲಿ ಹೆಚ್ಚಿನವರು ಹೆಸರು ಹೇಳುತ್ತಿರಲಿಲ್ಲ. ಕಿತ್ತು ತಂದ ಎಲೆ ತೋರಿಸುತ್ತಿದ್ದರು, ಇಲ್ಲವೇ ಮೊಬೈಲಿನಲ್ಲಿ ಫೋಟೊ. ಅಂಗಡಿಯವರು ಎರಡು ಬಾಟಲಿ, ಮೇಲೊಂದು ಟಾನಿಕ್ ಎತ್ತಿಕೊಡುತ್ತಿದ್ದರು. ಕೆಲವರು ರಟ್ಟಿನ ಡಬ್ಬಿಯನ್ನು ಅಲ್ಲೇ ಕಟ್ಟೆಯ ಮೇಲೆ ಬಿಚ್ಚಿ, ಬಾಟಲಿಯನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಹೋದರು. ಚೀಟಿ ಡಬ್ಬಿಯೊಳಗೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಇಂಥ ನಾಲ್ಕೈದು ಚೀಟಿ ನನ್ನ ಕೈಯಲ್ಲಿದ್ದವು. ಬಿಚ್ಚಿದರೆ ಒಂದು ಕರ್ಚೀಫಿನಷ್ಟು ಅಗಲ. ಹಲವು ಭಾಷೆ ತುಂಬಬೇಕಲ್ಲ, ಅಕ್ಷರ ಎಳ್ಳುಕಾಳಿಗಿಂತ ಸಣ್ಣವು. ಕನ್ನಡ ಇದೆ, ಇಲ್ಲವೆನ್ನಲಾರೆ. ಆದರೆ ಅದು ಯಾರ ಕನ್ನಡ? ಪ್ರತಿವಿಷ, ಸೇವನೆ, ನಿರುಪಯುಕ್ತಗೊಳಿಸುವುದು. ನನ್ನವ್ವನಿಗೆ ಓದಿ ಹೇಳಿದರೆ, "ಇದೇನು ಪುರಾಣ ಹಚ್ಚೀಯೇ?" ಅಂದಾಳು. ನಮ್ಮ ಕಡೆಯ ಎಣ್ಣಿ ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ.

ಓದು ಬಾರದವರಿಗಾಗಿ ನಿಯಮ ಬಣ್ಣವನ್ನೂ ಇಟ್ಟಿದೆ. ಲೇಬಲ್ಲಿನ ಮೇಲೆ ಮೂಲೆಯ ಮೇಲೆ ನಿಂತ ಚೌಕ, ಅದರ ಕೆಳಗಿನ ಅರ್ಧದಲ್ಲಿ ಬಣ್ಣ. ಕೆಂಪು ಎಲ್ಲಕ್ಕಿಂತ ಘೋರ, ಅದಕ್ಕೆ ತಲೆಬುರುಡೆಯ ಚಿತ್ರವೂ ಉಂಟು. ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಇದು ಪ್ರಯೋಗಾಲಯದ ಪ್ರಾಣಿಗಳ ಲೆಕ್ಕ: ಬಾಯಿಂದಲೋ ಚರ್ಮದಿಂದಲೋ ದೇಹದ ತೂಕದ ಕಿಲೋಗೆ ಎಷ್ಟು ಮಿಲಿಗ್ರಾಂ ಹೋದರೆ ಅರ್ಧದಷ್ಟು ಸಾಯುತ್ತವೆ ಎಂಬುದರ ಮೇಲೆ ಬಣ್ಣ ನಿರ್ಧಾರ. ಬಾಯಿಂದ 50 ಮಿಲಿಗ್ರಾಂ ಒಳಗೇ ಸತ್ತರೆ ಕೆಂಪು, 500ರ ತನಕ ಹಳದಿ, 5,000ದ ತನಕ ನೀಲಿ. ಒಮ್ಮೆಲೇ ಒಳಹೋದರೆ ಏನಾಗುತ್ತದೆ ಎಂಬುದನ್ನು ಈ ಬಣ್ಣ ಹೇಳುತ್ತದೆ. ಹಂಗಾಮಿಡೀ ದಿನಕ್ಕೆ ಹದಿನೈದು ಟಾಕಿ ಹೊಡೆದು, ಬೆನ್ನ ಮೇಲೆ ಸೋರುವ ಪಂಪು ಹೊತ್ತು, ಗಾಳಿಗೆದುರು ನಡೆದವನ ಲೆಕ್ಕ ಅದರಲ್ಲಿಲ್ಲ. ಇನ್ನೊಂದು ಮಾತು ನನಗೆ ಹೊಲದಲ್ಲೇ ತಿಳಿದದ್ದು. ನರಗುಂದದ ಹತ್ತಿರ ಹತ್ತಿ ಬೆಳೆಯುವ ಕಾಕಾ ಒಬ್ಬರು ಬಾಟಲಿ ತಿರುವಿ ಆ ಚೌಕ ತೋರಿಸಿ, "ಹಸರ ಇದ್ರ ಹಗರರೀ. ಕೆಂಪ ಇದ್ದದ್ದ ಖಡಕ್, ಕೀಡಿ ಜಾಗಾದಾಗ ಬೀಳ್ತಾವ" ಅಂದರು. ಅವರಿಗೆ ಬಣ್ಣದ ಅರ್ಥ ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಎಚ್ಚರಿಕೆಯೇ ಅಲ್ಲಿ ಜಾಹೀರಾತಾಗಿತ್ತು.

ನರಗುಂದದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮಲಪ್ರಭೆಯ ಕಾಲುವೆ ಬಂದ ಮೇಲೆ ಈ ಸೀಮೆಗೆ ಉದ್ದೆಳೆಯ ಹತ್ತಿ ಬಂತು, ಹತ್ತಿಯ ಬೆನ್ನಿಗೇ ಎಣ್ಣಿ. ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ಸಿಡಿದೆದ್ದ ಊರು ಇದು, ಗೋಲಿಬಾರ್ ಕಂಡ ಊರು. ನೀರಿಗೆ ಏನು ಬೆಲೆ ಎಂದು ಸರ್ಕಾರವನ್ನು ನಡುಗಿಸಿ ಕೇಳಿದ ಜನ ಬಾಟಲಿಯೊಳಗೆ ಏನಿದೆ ಎಂದು ಅಷ್ಟು ಗಟ್ಟಿಯಾಗಿ ಕೇಳಲಿಲ್ಲ ಎಂಬುದು ನನಗೆ ಇಂದಿಗೂ ಸೋಜಿಗ. ಬಹುಶಃ ಕೇಳಬೇಕಾದವರು ಬೇರೆಯವರು. ಕರ ಕಟ್ಟುವವನು ಹೊಲದವನು, ಉಸಿರಾಡುವವನು ಕೂಲಿಯವನು.

ಹೆಸರು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆ ಕಂಡಿದೆ. ನಾನು ಎಂ.ಎ. ಓದುತ್ತಿದ್ದಾಗ ನನ್ನ ಸೋದರಮಾವ ಬೇರೆಯವರ ಹತ್ತಿಗೆ ಎಣ್ಣಿ ಹೊಡೆಯಲು ಹೋಗಿ ಮಧ್ಯಾಹ್ನ ಬದುವಿನ ಮೇಲೆ ಕುಸಿದರು. ದವಾಖಾನೆಗೆ ಒಯ್ದಾಗ ಬಾಯಿಂದ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಡಾಕ್ಟರು ಕೇಳಿದ್ದು, "ಯಾವ ಎಣ್ಣಿ?" ಕರೆತಂದವರು ಮುಖ ಮುಖ ನೋಡಿಕೊಂಡರು. ಮಾವ ಹೋಗುವ ಮೊದಲೇ ಮಾಲಕರು ಡ್ರಮ್ಮಿನಲ್ಲಿ ಎರಡು ಮೂರು ಎಣ್ಣಿ ಕಲಸಿಟ್ಟಿದ್ದರು. ಮಾವ ಬಾಟಲಿಯನ್ನೇ ಕಂಡಿರಲಿಲ್ಲ. ಒಬ್ಬ ಹುಡುಗ ಬೈಕ್ ಹತ್ತಿ ಹೊಲಕ್ಕೆ ಹೋಗಿ ಬದುವಿನಲ್ಲಿ ಬಿದ್ದ ಖಾಲಿ ಬಾಟಲಿ ಹುಡುಕಿ ತರುವಷ್ಟರಲ್ಲಿ ಒಂದೂವರೆ ತಾಸು. ಅಷ್ಟರೊಳಗೆ ಡಾಕ್ಟರು ಲಕ್ಷಣ ನೋಡಿಯೇ ಆರ್ಗ್ಯಾನೊಫಾಸ್ಫೇಟ್ ಎಂದು ತೀರ್ಮಾನಿಸಿ ಅಟ್ರೋಪಿನ್ ಶುರು ಮಾಡಿದ್ದರು. ಮಾವ ಬದುಕಿದರು. ಅನುಭವಿ ಡಾಕ್ಟರು ಸಿಕ್ಕದ್ದು ನಮ್ಮ ಪುಣ್ಯ. ಎಲ್ಲ ಎಣ್ಣಿಗೂ ಒಂದೇ ಮದ್ದಿಲ್ಲ. ಪ್ಯಾರಾಕ್ವಾಟ್ ಎಂಬ ಕಸದ ಎಣ್ಣಿಗೆ ಪ್ರತಿವಿಷವೇ ಇಲ್ಲ, ಅದು ಒಳಹೋದವರಿಗೆ ಅಗತ್ಯವಿಲ್ಲದೆ ಆಮ್ಲಜನಕ ಕೊಟ್ಟರೆ ಪುಪ್ಪುಸಕ್ಕೆ ಇನ್ನಷ್ಟು ಹಾನಿ. ಉಸಿರು ಸಿಗದೆ ಒದ್ದಾಡುವವರಿಗೆ ಯಾರಾದರೂ ಮೊದಲು ಕೊಡುವುದು ಅದನ್ನೇ ಅಲ್ಲವೇ?

ಮುಂದೆ ಕಾನೂನು ಓದುವಾಗ ನನಗೆ ಸಿಕ್ಕಿದ್ದು ಎರಡು ಕಲಮು. ಮೊದಲನೆಯದು ಕಾರ್ಖಾನೆ ಕಾಯ್ದೆಯ 41ಬಿ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಅನಿಲ ಸೋರಿದ ಕಾರ್ಖಾನೆ ತಯಾರಿಸುತ್ತಿದ್ದದ್ದೂ ಕೀಟನಾಶಕವನ್ನೇ. ಆ ರಾತ್ರಿ ಆಸ್ಪತ್ರೆಗೆ ಬಂದವರ ಮೈಗೆ ಹೊಕ್ಕದ್ದು ಏನು, ಚಿಕಿತ್ಸೆ ಏನು ಎಂದು ಅಲ್ಲಿನ ವೈದ್ಯರಿಗೆ ತಿಳಿದಿರಲಿಲ್ಲ. 1987ರಲ್ಲಿ ಸೇರಿಸಿದ ಈ ಕಲಮಿನ ಪ್ರಕಾರ, ಅಪಾಯಕಾರಿ ಕೆಲಸ ನಡೆಸುವ ಕಾರ್ಖಾನೆಯವರು ಅಪಾಯಗಳನ್ನೆಲ್ಲ ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸಲೇಬೇಕು. 2020ರ ಕಾರ್ಮಿಕ ಸಂಹಿತೆಯಲ್ಲೂ ಆ ಹೊಣೆ ಉಳಿದಿದೆ. ಎರಡನೆಯದು ಕೀಟನಾಶಕ ಕಾಯ್ದೆಯ 38ನೇ ಕಲಮು. ತಾನು ಸಾಗುವಳಿ ಮಾಡುವ ಜಮೀನಿನಲ್ಲಿ ಯಾರಾದರೂ ಕೀಟನಾಶಕ ಬಳಸಿದರೆ ಅದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದು ಹೇಳುತ್ತದೆ. ರೈತನನ್ನು ಇನ್ಸ್‌ಪೆಕ್ಟರನ ಕಾಟದಿಂದ ಉಳಿಸುವ ವಿನಾಯಿತಿ, ಅದರ ಒಳ್ಳೆಯ ಉದ್ದೇಶ ನನಗೂ ಒಪ್ಪಿಗೆ. ಆದರೆ ರೈತನ ಹೊಲದಲ್ಲಿ ಪಂಪು ಹೊರುವವನು ಅವನ ಮನೆಯವನಲ್ಲ.

ಎರಡೂ ಕಲಮು ಸೇರಿಸಿ ಒಂದೇ ಬಾಟಲಿಯನ್ನು ಹಿಂಬಾಲಿಸಿ ನೋಡಿ. ಅದನ್ನು ತುಂಬುವ ಕಾರ್ಖಾನೆಯ ಕಾರ್ಮಿಕನಿಗೆ ಅದರೊಳಗೇನಿದೆ ಎಂದು ತಿಳಿಯುವ ಹಕ್ಕಿದೆ. ಮಾರುವ ಅಂಗಡಿಗೆ ಲೈಸೆನ್ಸು ಬೇಕು. ಕೊಳ್ಳುವವನಿಗೆ ಚೀಟಿ. ಇಷ್ಟು ದೂರ ಮಾಹಿತಿ ಬಾಟಲಿಯ ಜೊತೆ ಬರುತ್ತದೆ. ಮುಚ್ಚಳ ತೆರೆದು, ವಿಷ ಮೊದಲ ಸಲ ಗಾಳಿಗೆ ಬಂದು ಮನುಷ್ಯನ ಮೈ ಮುಟ್ಟುವ ಜಾಗಕ್ಕೆ ಬಂದಾಗ ನಿಂತುಬಿಡುತ್ತದೆ. ಸಿಂಪಡಿಸುವವರಿಗೆ ರಕ್ಷಣೆಯ ಉಡುಪು, ತರಬೇತಿ ಎಂದೆಲ್ಲ ನಿಯಮಗಳಲ್ಲಿದೆ. ನಾನು ಮಾತಾಡಿಸಿದ ಒಬ್ಬರಿಗೂ ಯಾವ ಕಂಪನಿಯೂ ತರಬೇತಿ ಕೊಟ್ಟಿರಲಿಲ್ಲ. ಕಂಪನಿಯ ಹುಡುಗರು ಊರಿಗೆ ಬಂದು ಸಭೆ ಮಾಡುತ್ತಾರೆ, ಟೋಪಿ ಹಂಚುತ್ತಾರೆ. ಆ ಸಭೆಗೆ ಕರೆಯುವುದು ಕೊಳ್ಳುವವರನ್ನು.

2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಎಣ್ಣಿ ಹೊಡೆದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ ಮೊದಲು ಕೇಳಿಬಂದ ಮಾತು, ಅವರು ಮಾಸ್ಕು, ಕೈಗವಸು ಹಾಕಿರಲಿಲ್ಲ ಎಂಬುದು. ನಮ್ಮ ಕಡೆಯ ಬಿಸಿಲಿನಲ್ಲಿ ರಬ್ಬರ್ ಕೈಗವಸು, ಕನ್ನಡಕ, ಬೂಟು ತೊಟ್ಟು ಎದೆಮಟ್ಟದ ಹತ್ತಿಯಲ್ಲಿ ಒಂದು ತಾಸು ನಡೆದು ನೋಡಿದವರು ಆ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು. ತೊಡಬಾರದು ಅನ್ನುತ್ತಿಲ್ಲ. ಏನನ್ನು ತಡೆಯಲು ತೊಡುತ್ತಿದ್ದೇನೆ ಎಂದು ತಿಳಿದವನು ಸೆಖೆಯನ್ನೂ ತಡೆದುಕೊಂಡಾನು.

ಪಂಪು ಹಿಡಿಯದವರ ಕಥೆಯೂ ಇದೆ. ಗಜೇಂದ್ರಗಡದ ಕಡೆ ಕಡ್ಲಿ ಹೊಲದಲ್ಲಿ ಕುಡಿ ಚಿವುಟುವ ಹೆಣ್ಣುಮಕ್ಕಳ ಜೊತೆ ಒಂದು ದಿನ ಇದ್ದೆ. ಚಿವುಟಿದ ಕುಡಿ ಅಲ್ಲೇ ಬಾಯಿಗೂ ಹೋಗುತ್ತದೆ, ಉಡಿ ತುಂಬಿ ಮನೆಯ ಪಲ್ಯಕ್ಕೂ. ನಸುಕಿನಲ್ಲಿ ಕಡ್ಲಿ ಗಿಡದ ಮೇಲೆ ಬಟ್ಟೆ ಎಳೆದು ಇಬ್ಬನಿಯ ಜೊತೆ ಹುಳಿ ಹಿಂಡಿಕೊಳ್ಳುವ ರೂಢಿ ನಮ್ಮಲ್ಲಿದೆ. ಹೊಟ್ಟೆನೋವಿಗೆ ಅದು ಮನೆಮದ್ದು, ನನ್ನವ್ವನೂ ಸೀಸೆಯಲ್ಲಿ ಇಡುತ್ತಿದ್ದಳು. "ಯಕ್ಕಾ, ಇದಕ್ಕ ಎಣ್ಣಿ ಹೊಡದು ಎಷ್ಟ ದಿನ ಆತು?" ಅಂದೆ. ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಲದವರಿಗೆ ಫೋನ್ ಮಾಡಿ ಕೇಳಿದರು. ಮೂರು ದಿನ.

ಅಮೆರಿಕದಲ್ಲಿ ಹೊಲದ ಕೂಲಿಗಳಿಗಾಗಿಯೇ 1992ರ ಒಂದು ಕಟ್ಟಳೆ ಇದೆ. ಯಾವ ರಾಸಾಯನಿಕ, ಯಾವ ಹೊಲಕ್ಕೆ, ಯಾವಾಗ ಹೊಡೆದರು, ಎಷ್ಟು ಹೊತ್ತು ಒಳಗೆ ಕಾಲಿಡಬಾರದು ಎಂಬುದನ್ನು ಕೆಲಸಗಾರರಿಗೆ ಕಾಣುವ ಜಾಗದಲ್ಲಿ ತೂಗುಹಾಕಬೇಕು. ಅಲ್ಲಿಯೂ ಅದು ಪುಕ್ಕಟೆ ಬಂದದ್ದಲ್ಲ, ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟದ ಕೂಲಿಗಳು 1960ರ ದಶಕದಿಂದ ಹೋರಾಡಿದ್ದರು. ನಮ್ಮಲ್ಲಿ ಹೊಲದ ಬದುವಿಗೆ ಫಲಕ ನೆಡುವುದು ಸಣ್ಣ ಹಿಡುವಳಿಯವನಿಗೆ ಹೊರೆ ಎಂದು ನನ್ನ ಮಾರ್ಗದರ್ಶಕರು ವಾದಿಸುತ್ತಾರೆ. ಇರಬಹುದು. ಹೊರೆಯನ್ನು ಅವನ ಮೇಲೆ ಹಾಕಬೇಕೆಂದು ನಾನೂ ಹೇಳುತ್ತಿಲ್ಲ. ಎಣ್ಣಿ ತಯಾರಿಸುವವರು ಬಾಟಲಿಯ ಜೊತೆ ಹರಿದುಕೊಳ್ಳಬಹುದಾದ ಒಂದು ತುಂಡನ್ನು ಕೊಡಬಹುದು. ದೊಡ್ಡ ಅಕ್ಷರದಲ್ಲಿ ರಾಸಾಯನಿಕದ ಹೆಸರು, ಬಣ್ಣ, ಪ್ರತಿವಿಷ, ಹೊಲಕ್ಕೆ ಎಷ್ಟು ದಿನ ಇಳಿಯಬಾರದು ಎಂಬುದಿಷ್ಟೇ. ಪಂಪಿಗೆ ಅಂಟಿಸಿಕೊಳ್ಳುವಂಥದ್ದು. ಬಾಟಲಿಗೊಂದು ಅಳತೆಯ ಲೋಟ ಕೊಡಲು ಬರುವವರಿಗೆ ಇದು ಬಾರದೇ?

ರಾಜೂರಿನ ದಾರಿಯಲ್ಲಿ ಸಿಕ್ಕ ಒಬ್ಬ ಪಂಪಿನ ಅಣ್ಣ ಈ ಕೆಲಸವನ್ನು ತಾನೇ ಮಾಡಿಕೊಂಡಿದ್ದಾರೆ. ಪಂಪು ಎತ್ತುವ ಮೊದಲು ಡಬ್ಬಿಯ ರಟ್ಟಿನಲ್ಲಿ ಹೆಸರಿರುವ ಪಾಲನ್ನು ಹರಿದು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಾರೆ. ಓದಲು ಅವರಿಗೆ ಬರುವುದಿಲ್ಲ. "ಬಿದ್ದರ ಡಾಕ್ಟರ್ ಓದ್ತಾರಲ್ಲವ್ವಾ" ಅಂದರು. ಸಂಜೆ ಅದನ್ನು ತೆಗೆದು ತೋರಿಸಿದಾಗ ಬೆವರಿಗೂ ಎಣ್ಣಿಗೂ ನೆಂದು ರಟ್ಟು ಮೆತ್ತಗಾಗಿತ್ತು. ನಾನು ಫೋಟೊ ತೆಗೆದುಕೊಂಡೆ. ದೊಡ್ಡದು ಮಾಡಿ ನೋಡಿದರೂ ಕಂಪನಿಯ ಹೆಸರು ಮಾತ್ರ ಓದಲು ಬರುತ್ತದೆ.