ಬೆಟ್ಟದವಳು ಕಂಡ ಕಡಲು

ನಮ್ಮ ಮನೆ ಇರುವುದು ಮಡಿಕೇರಿ–ಸಂಪಾಜೆ ರಸ್ತೆಯ ಬದಿಯಲ್ಲಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಜಾರಿದಾಗ ನಾನು ನಾಲ್ಕನೇ ತರಗತಿಯಲ್ಲಿದ್ದೆ. ಉಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಸರು ದಾಟಿಸಿದರು. ಮನೆ ಉಳಿಯಿತು. ಆದರೆ ಪರಿಹಾರ ಕೇಂದ್ರದಿಂದ ಮರಳಿದ ಮೇಲೆ ನನಗೆ ನೀರೆಂದರೆ ಭಯ. ತಗಡಿನ ಮೇಲೆ ಜೋರು ಮಳೆ ಬಿದ್ದರೆ ನಿದ್ದೆ ಬರುತ್ತಿರಲಿಲ್ಲ. ಶಾಲೆಯ ಪ್ರವಾಸದಲ್ಲಿ ಗೆಳತಿಯರೆಲ್ಲ ಹೊಳೆಗೆ ಇಳಿದರೆ, ದಡದಲ್ಲಿ ಕೂತು ಅವರ ಚಪ್ಪಲಿ, ಬ್ಯಾಗು ಕಾಯುವವಳು ನಾನು.

ಪ್ರಥಮ ಪಿಯುಸಿ ಮುಗಿಸಿ, ಪೆರ್ನಾಳ್ ಕಳೆದ ಮೇಲೆ ಉಮ್ಮನ ಜೊತೆ ಮೂಲ್ಕಿಯ ಮಾಮನ ಮನೆಗೆ ಹೋದೆ. ಮಾಮನದು ಮೀನಿನ ವ್ಯಾಪಾರ. ಒಂದು ಬೆಳಿಗ್ಗೆ ಅವರು ನನ್ನನ್ನು ಸಸಿಹಿತ್ಲು ಕಡಲ ತೀರಕ್ಕೆ ಕರೆದುಕೊಂಡು ಹೋದರು. ನಂದಿನಿ ಮತ್ತು ಶಾಂಭವಿ ನದಿಗಳು ಒಂದಾಗಿ ಕಡಲು ಸೇರುವ ಜಾಗ ಅದು. ಅಲ್ಲಿ ನನಗಿಂತ ಚಿಕ್ಕ ಮಕ್ಕಳು ಉದ್ದನೆಯ ಹಲಗೆಗಳ ಮೇಲೆ ನಿಂತು, ಅಲೆಯ ಜೊತೆ ದಡಕ್ಕೆ ಜಾರಿ ಬರುತ್ತಿದ್ದರು. ಟಿವಿಯಲ್ಲಿ ಮಾತ್ರ ನೋಡಿದ್ದ ಸರ್ಫಿಂಗ್ ನಮ್ಮ ಕರ್ನಾಟಕದಲ್ಲೇ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಇದೆಲ್ಲ ಯಾವಾಗ ಶುರುವಾಯಿತು ಮಾಮ?" ಎಂದು ಕೇಳಿದೆ.

"ನಿನಗಿಂತ ಸ್ವಲ್ಪ ಹಳೆಯದು" ಎಂದು ಮಾಮ ನಕ್ಕರು.

ಸರ್ಫಿಂಗ್‌ನ ತವರು ಹವಾಯಿ ಮುಂತಾದ ಪೆಸಿಫಿಕ್ ದ್ವೀಪಗಳು. ಮೂಲ್ಕಿಗೆ ಅದನ್ನು ತಂದವರು ಜಾಕ್ ಹೆಬ್ನರ್ ಎಂಬ ಅಮೆರಿಕದವರು. ಹುಡುಗನಾಗಿದ್ದಾಗಲೇ ಫ್ಲೋರಿಡಾದಲ್ಲಿ ಸರ್ಫಿಂಗ್ ಕಲಿತಿದ್ದ ಅವರು ಭಾರತಕ್ಕೆ ಬಂದು ಸನ್ಯಾಸಿಯಾದರು. 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಜನ ಅದನ್ನು ಸರ್ಫಿಂಗ್ ಆಶ್ರಮ ಎಂದೇ ಕರೆದರು. 2007ರಲ್ಲಿ ಮಣಿಪಾಲದಲ್ಲಿ ಓದುತ್ತಿದ್ದ ಮುಂಬೈಯ ಇಶಿತಾ ಮಾಳವೀಯ ಆಶ್ರಮದವರ ಸಹಾಯದಿಂದ ಸರ್ಫಿಂಗ್ ಕಲಿತರು. ಅವರು ಭಾರತದ ಮೊದಲ ಮಹಿಳಾ ಸರ್ಫರ್ ಎಂದು ಹೆಸರಾದರು, ಗೆಳೆಯನೊಂದಿಗೆ ಸೇರಿ ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಕಟ್ಟಿದರು. 2011ರಲ್ಲಿ ಭಾರತೀಯ ಸರ್ಫಿಂಗ್ ಫೆಡರೇಶನ್ ಹುಟ್ಟಿದಾಗಲೂ ಮೂಲ್ಕಿಯವರೇ ಮುಂದೆ ನಿಂತಿದ್ದರು. 2016ರ ಮೇ ತಿಂಗಳಲ್ಲಿ ಇದೇ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಅದೇ ವರ್ಷ ಈ ಊರಿನ ಕಡೆಯ ತನ್ವಿ ಜಗದೀಶ್, ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಪರ್ಧೆಗೆ ಭಾರತದ ಪರವಾಗಿ ಫಿಜಿಗೆ ಹೋದರು.

ಹೊರಗಿನಿಂದ ಬಂದವರನ್ನು ಈ ಊರು ಹೇಗೆ ಒಪ್ಪಿಕೊಂಡಿತು ಎಂದು ನನಗೆ ಆಶ್ಚರ್ಯ. ಮಾಮ ಬಪ್ಪನಾಡು ದೇವಸ್ಥಾನದ ಐತಿಹ್ಯ ಹೇಳಿದರು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕರ ದೋಣಿ ಶಾಂಭವಿ ನದಿಯಲ್ಲಿ ತಡೆದು ನಿಂತಿತಂತೆ. ಮುಂದೆ ಆ ದೇವಸ್ಥಾನ ಕಟ್ಟಲು ಅವರೇ ನೆರವಾದರಂತೆ. ಊರಿಗೂ ಅವರದೇ ಹೆಸರು. "ನೀರಿನ ದಾರಿಯಲ್ಲಿ ಬಂದವರು ನಮಗೆ ಹೊಸಬರಲ್ಲ. ಆದರೆ ನಮಗೆ ಕಡಲು ದುಡಿಯುವ ಜಾಗ. ಅಲ್ಲಿ ಆಟ ಆಡಬಹುದು ಎಂದು ಈ ಮಕ್ಕಳನ್ನು ನೋಡಿಯೇ ತಿಳಿದದ್ದು" ಎಂದರು ಮಾಮ.

ಮರುದಿನ ಮಾಮ ನನ್ನನ್ನು ಕಲಿಸುವವರ ಹತ್ತಿರ ಬಿಟ್ಟರು. "ಬೇಡ ಮೋಳೆ, ನಿನಗೆ ಈಜು ಬರುವುದಿಲ್ಲ" ಎಂದರು ಉಮ್ಮ. ಬಟ್ಟೆಯ ಚಿಂತೆಯೂ ಅವರಿಗಿತ್ತು. ಆದರೆ ಬಿಸಿಲಿಗೂ ಹಲಗೆಯ ತಿಕ್ಕಾಟಕ್ಕೂ ಅಲ್ಲಿ ಹೆಚ್ಚಿನವರು ತುಂಬು ತೋಳಿನ ಅಂಗಿ ಹಾಕಿದ್ದರು. ಮಕ್ಕಳಿಗೆ ಈಜು ಕಲಿಸಬೇಕು ಎಂದು ನಮ್ಮ ಮದರಸದ ಉಸ್ತಾದರು ಹೇಳುತ್ತಿದ್ದುದನ್ನು ನೆನಪಿಸಿದೆ. ಉಮ್ಮ ಸುಮ್ಮನಾದರು.

ಮೊದಲ ಪಾಠ ಮರಳಿನ ಮೇಲೆ. ಹಲಗೆಯ ಮೇಲೆ ಬೋರಲು ಮಲಗುವುದು, ಕೈಯಿಂದ ಹುಟ್ಟು ಹಾಕುವುದು, ಎದ್ದು ನಿಲ್ಲುವುದು. ಬೀಳುವುದನ್ನೂ ಕಲಿಸಿದರು: ಬಿದ್ದರೆ ತಲೆಗೆ ಕೈ ಅಡ್ಡ ಹಿಡಿಯಬೇಕು. ಸೆಳೆತ ಒಳಗೆ ಎಳೆದರೆ ದಡದ ಕಡೆಗೆ ಅದರ ವಿರುದ್ಧ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಆಮೇಲೆ ಹೊರಗೆ ಬರಬೇಕು. ನಮ್ಮ ತೀರಕ್ಕೆ ಬರುವ ಅಲೆಗಳಲ್ಲಿ ಎಷ್ಟೋ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಹುಟ್ಟಿದವು ಎಂದೂ ತಿಳಿಯಿತು.

ನೀರು ಮೊಣಕಾಲಿಗೆ ಬಂದಾಗ ಕಾಲು ನಡುಗಿತು. ಎರಡು ಸಲ ದಡಕ್ಕೆ ಓಡಿದೆ. ಕಲಿಸುವವರು ಬೈಯಲಿಲ್ಲ, ಕಾದರು. ಮೂರನೇ ಸಲ ಬಿಸ್ಮಿ ಹೇಳಿ ಹಲಗೆಯ ಮೇಲೆ ಮಲಗಿದೆ. ನೊರೆಯ ಅಲೆಯೊಂದು ಹಿಂದಿನಿಂದ ತಳ್ಳಿತು. ನಾನು ಎದ್ದು ನಿಲ್ಲಲಿಲ್ಲ, ಮಲಗಿಕೊಂಡೇ ಮರಳಿನವರೆಗೆ ಬಂದೆ. ಬಾಯಿ ತುಂಬ ಉಪ್ಪುನೀರು. ದಡದಲ್ಲಿ ಉಮ್ಮ ಅಳುತ್ತಾ ನಗುತ್ತಿದ್ದರು.

ಊರಿಗೆ ಮರಳುವಾಗ ಬಸ್ಸು ಸುಳ್ಯ ದಾಟಿತು. ಪಕ್ಕದಲ್ಲಿ ಪಯಸ್ವಿನಿ ಹರಿಯುತ್ತಿತ್ತು. ನಮ್ಮ ಗುಡ್ಡಗಳ ನೀರು ಅದು. ಮುಂದೆ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. 2018ರಲ್ಲಿ ನಮ್ಮ ಗುಡ್ಡದ ಮಣ್ಣನ್ನು ಕೊಚ್ಚಿಕೊಂಡು ಹೋದ ನೀರೂ ಇದೇ ದಾರಿಯಲ್ಲಿ ಆ ಕಡಲಿಗೇ ಹೋಗಿತ್ತು.

ಈ ಜೂನ್‌ನಲ್ಲಿ ಮಳೆ ಬಂದಾಗ ಭಯ ಪೂರ್ತಿ ಹೋಗಿರಲಿಲ್ಲ. ರಾತ್ರಿ ಎಚ್ಚರವಾಯಿತು, ಗುಡ್ಡದ ಕಡೆ ಕಿವಿಗೊಟ್ಟೆ. ಆದರೆ ಆಮೇಲೆ ನಿದ್ದೆಯೂ ಬಂತು. ಗೆಳತಿಯರೇ, ಮಳೆಯ ಊರಿನಲ್ಲಿ ಹುಟ್ಟಿದ ನಮ್ಮಲ್ಲಿ ಎಷ್ಟು ಜನರಿಗೆ ಈಜು ಬರುತ್ತದೆ? ಮುಂದಿನ ರಜೆಯಲ್ಲಿ ನಾನು ಮೊದಲು ಈಜು ಕಲಿಯುತ್ತೇನೆ. ಹಲಗೆಯ ಮೇಲೆ ಎದ್ದು ನಿಲ್ಲುವುದು ಆಮೇಲೆ.