ಮೈಸೂರು, ಮಂಗಳೂರು, ನಡುವೆ ಶೆಟ್ಟಿಹಳ್ಳಿ

ಇಲ್ಲಿ ಬರೆಯದೆ ತಿಂಗಳುಗಳೇ ಆಗಿಹೋದವು. ಆಫೀಸು, ಟ್ರಾಫಿಕ್ಕು, ಮಗಳ ಹೋಂವರ್ಕು ಅಂತೆಲ್ಲ ಹೇಳಬಹುದು, ಆದ್ರೆ ನೀವು ನಂಬಲ್ಲ. ಸೋಮಾರಿತನ ಅಂತ ಒಪ್ಪಿಕೊಂಡುಬಿಡ್ತೀನಿ :-) ಈಗ ಕೂತಿರೋದೂ ಅವ್ವನ ದೆಸೆಯಿಂದ.

2025ರ ಜನವರಿಯಲ್ಲಿ ಒಂದು ವಾರ ರಜೆ ಹಾಕಿ ಅವ್ವನ್ನ ಕರಕೊಂಡು ರೈಲಿನಲ್ಲಿ ತಿರುಗಿದೆ. ದೂರದ ಊರೇನಲ್ಲ. ಹಾಸನದಿಂದ ಮೈಸೂರು, ಮತ್ತೆ ವಾಪಸ್ಸು ಹಾಸನ, ಅಲ್ಲಿಂದ ಘಾಟಿ ಇಳಿದು ಮಂಗಳೂರು. ಕಾಶಿಗೆ ಹೋಗೋಣ್ವಾ ಅಂತ ಕೇಳಿದ್ದಕ್ಕೆ, "ನಂಗ್ಯಾಕ್ಲಾ ಮಗ ಕಾಶಿ, ಸಮುದ್ರ ತೋರ್ಸು ಸಾಕು" ಅಂದಿದ್ಲು. ಅರವತ್ತೇಳು ವರ್ಷ ವಯಸ್ಸು. ಹಾಸನದ ಮನೆಯಲ್ಲಿ ಕೂತು ನಲವತ್ತು ವರ್ಷದಿಂದ ರೈಲಿನ ಕೂಗು ಕೇಳ್ತಾ ಇದ್ದಾಳೆ, ಸಕಲೇಶಪುರದಿಂದ ಆಚೆ ಒಂದು ಸಲವೂ ಹೋಗಿಲ್ಲ.

ಒಂದೇ ಒಂದು ಷರತ್ತು ಹಾಕಿದ್ಲು: "ಶೆಟ್ಟಳ್ಳಿ ಕಡೆ ಮಾತ್ರ ಕರ್ಕೊಂಡ್ ಓಗ್ಬೇಡ."

ಶೆಟ್ಟಿಹಳ್ಳಿ ಅಂದ್ರೆ ನಿಮಗೆಲ್ಲ ಗೊತ್ತು. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ, ಸೂರಿಲ್ಲದ ಆ ಇಗರ್ಜಿ. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿಸಿದ್ದು. ಕ್ಯಾಮೆರಾ ಕೊಂಡವರೆಲ್ಲ ಮೊದಲು ಹೋಗೋದೇ ಅಲ್ಲಿಗೆ. ಅವ್ವನ ತವರು ಅದಕ್ಕೆ ಕೂಗಳತೆ ದೂರದಲ್ಲಿದ್ದ ಒಂದು ಸಣ್ಣ ಹಳ್ಳಿ. ಈಗ ಇಲ್ಲ. 1976ರಲ್ಲಿ ಮದುವೆಯಾಗಿ ಬಂದಳು, 1979ರಲ್ಲಿ ಅಣೆಕಟ್ಟು ಮುಗೀತು. ಊರು ಖಾಲಿ ಮಾಡಿದಾಗ ಅವಳು ಅಲ್ಲಿರಲಿಲ್ಲ, ಆಮೇಲೆ ಯಾವತ್ತೂ ಆ ಕಡೆ ತಲೆ ಹಾಕಲಿಲ್ಲ.

ನನ್ನದೊಂದು ತಪ್ಪಿದೆ, ಹೇಳಿಬಿಡ್ತೀನಿ. 2009ರಲ್ಲಿ ಆಫೀಸಿನ ಗೆಳೆಯರ ಜೊತೆ ನಾನೂ ಅಲ್ಲಿಗೆ ಹೋಗಿದ್ದೆ. ಆ ಕಮಾನಿನ ಕೆಳಗೆ ಎರಡು ಕೈ ಚಾಚಿ ನಿಂತು ಫೋಟೋ ತೆಗೆಸಿಕೊಂಡು, "ಮುಳುಗಿದ ಸೌಂದರ್ಯ" ಅಂತ ಏನೇನೋ ಬರೆದು ಹಾಕಿದ್ದೆ. ಅವ್ವನಿಗೆ ಹೇಳಿರಲಿಲ್ಲ. ಎಷ್ಟೋ ದಿನದ ಮೇಲೆ ಮಾವನ ಮಗ ಮೊಬೈಲಿನಲ್ಲಿ ತೋರಿಸಿದ. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಸರಿ, ರೈಲು. ಹಾಸನದಿಂದ ಮೈಸೂರಿನ ಪ್ಯಾಸೆಂಜರ್ ಹತ್ತಿದ್ವಿ. ಚಿತ್ರಾನ್ನದ ಡಬ್ಬಿ, ಒಂದು ಬಾಟಲಿ ಮಜ್ಜಿಗೆ. ಮಾವಿನಕೆರೆ, ಹೊಳೆನರಸೀಪುರ, ಮಂದಗೆರೆ, ಅಕ್ಕಿಹೆಬ್ಬಾಳು ಅಂತ ಸ್ಟೇಷನ್ನುಗಳ ಹೆಸರನ್ನ ಅವ್ವ ನೆಂಟರ ಹೆಸರಿನ ಥರ ಓದ್ತಾ ಹೋದ್ಲು. ಪ್ರತಿ ಊರಿಗೂ ಒಬ್ಬ ಅತ್ತಿಗೆ, ಒಂದು ಮದುವೆ, ಒಂದು ಜಗಳ. ದಾರಿಯಲ್ಲಿ ಸೇತುವೆ ಮೇಲೆ ಗಾಡಿ ಗಡಗಡ ಅಂದಾಗ "ಯಾವ ಒಳೆ ಇದು?" ಅಂದ್ಲು. ಹೇಮಾವತಿ ಅಂದೆ. ಕಿಟಕಿಯಿಂದ ಮುಖ ತೆಗೆದು ಎದುರಿನ ಸೀಟಿನ ಮಗು ಜೊತೆ ಮಾತಿಗೆ ಶುರುವಿಟ್ಟಳು.

ಮೈಸೂರಿನ ಮೂರು ದಿನದ ಬಗ್ಗೆ ಹೆಚ್ಚು ಬರೆಯೋಕೆ ಹೋಗಲ್ಲ, ನಿಮಗೆ ಗೊತ್ತಿರೋದೇ. ಭಾನುವಾರ ಸಂಜೆ ಅರಮನೆ ದೀಪ ನೋಡಿದ್ವಿ. ದೇವರಾಜ ಮಾರ್ಕೆಟ್ಟಿನಲ್ಲಿ ಮೈಸೂರು ಮಲ್ಲಿಗೆಗೆ ಚೌಕಾಸಿ ಆಯ್ತು. ರೈಲ್ವೆ ಮ್ಯೂಸಿಯಮ್ಮಿನಲ್ಲಿ ಮಹಾರಾಣಿಯವರ ಸಲೂನ್ ಬೋಗಿ ಇಣುಕಿ ನೋಡಿ, "ಇವ್ರಿಗೆ ರೈಲಲ್ಲೂ ಮಂಚ!" ಅಂದ್ಲು. ಆ ಮ್ಯೂಸಿಯಂ ಶುರುವಾಗಿದ್ದೂ 1979ರಲ್ಲೇ. ಹಾಸನ-ಮಂಗಳೂರು ಮೀಟರ್‌ಗೇಜ್ ಲೈನು ಪೂರ್ತಿಯಾಗಿದ್ದೂ ಅದೇ ವರ್ಷ. ಒಂದೇ ವರ್ಷದಲ್ಲಿ ನಮ್ಮ ಕಡೆ ಅಣೆಕಟ್ಟೂ ಬಂತು, ರೈಲೂ ಬಂತು. ಅವ್ವನಿಗೆ ಇದನ್ನ ಹೇಳಲಿಲ್ಲ, ನಿಮಗೆ ಮಾತ್ರ ಹೇಳ್ತಿದ್ದೀನಿ.

ನಾನು ಎಡವಟ್ಟು ಮಾಡಿಕೊಂಡಿದ್ದು ಮೂರನೇ ದಿನ. ಕನ್ನಂಬಾಡಿ ಕಟ್ಟೆ ನೋಡೋಣ ಅಂತ ಹೊರಟವರು ಹಿನ್ನೀರಿನ ದಡದ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನಕ್ಕೆ ಹೋದ್ವಿ. ಹೊಯ್ಸಳರ ಕಾಲದ ಗುಡಿ. ಕಟ್ಟೆ ಕಟ್ಟಿದಾಗ ಹಳೇ ಕನ್ನಂಬಾಡಿಯ ಜೊತೆ ನೀರು ಪಾಲಾಗಿತ್ತು. ಎಷ್ಟೋ ದಶಕ ಆದಮೇಲೆ ಕಲ್ಲು ಕಲ್ಲಾಗಿ ಬಿಚ್ಚಿ, ತಂದು, ಎತ್ತರದ ಜಾಗದಲ್ಲಿ ಮತ್ತೆ ಜೋಡಿಸಿದ್ದಾರೆ. ಅವ್ವನಿಗೆ ಇದನ್ನ ವಿವರಿಸಿ ಮುಗಿಸುವ ಹೊತ್ತಿಗೆ ನನಗೇ ಅರಿವಾಯ್ತು, ಬಾಯಿ ಮುಚ್ಚಿಕೊಂಡಿರಬೇಕಿತ್ತು ಅಂತ. ಅವ್ವ ಒಂದು ಕಂಬ ಮುಟ್ಟಿ ನೋಡಿದ್ಲು. ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರು.

"ಇದು ನಮ್ಮೊಳೆ ನೀರೇ ಅಲ್ವಾ?"

ಹೌದು ಅಂದೆ. ಗೊರೂರಿನಿಂದ ಬಿಟ್ಟ ನೀರು ಹೊಳೆನರಸೀಪುರ ದಾಟಿ, ಅಂಬಿಗರಹಳ್ಳಿ ಹತ್ತಿರ ಕಾವೇರಿಗೆ ಸೇರಿ, ಇಲ್ಲಿಗೇ ಬರೋದು.

"ದೇವ್ರನ್ನಾದ್ರೂ ಎತ್ಕೊಂಡ್ ಬಂದವ್ರೆ" ಅಂದ್ಲು. ಅಷ್ಟೇ. ರಾತ್ರಿ ಲಾಡ್ಜಿನಲ್ಲಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಮಾತು ಬಂತು: "ನಾಳೆ ಆಸ್ನಕ್ ಓದ್ಮೇಲೆ ಶೆಟ್ಟಳ್ಳಿ ನೋಡ್ಕೊಂಡ್ ಬರಾನ."

ಹಾಸನದಲ್ಲಿ ಇಳಿದು, ಮಧ್ಯಾಹ್ನ ಊಟ ಮಾಡಿ ಕಾರಿನಲ್ಲಿ ಹೊರಟ್ವಿ. ನೀರು ಇನ್ನೂ ಪೂರ್ತಿ ಇಳಿದಿರಲಿಲ್ಲ. ಇಗರ್ಜಿಯ ಗೋಡೆಗಳು ಮೊಣಕಾಲುದ್ದ ನೀರಲ್ಲಿ ನಿಂತಿದ್ವು. ದಡದಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸುವ ಒಂದು ಜೋಡಿ, ಹುಡುಗಿಗೆ ನೆಲ ಗುಡಿಸುವ ಕೆಂಪು ಗೌನು, ಫೋಟೋಗ್ರಾಫರ್ "ಸ್ಮೈಲ್ ಮೇಡಂ" ಅಂತಿದ್ದ. 2009ರ ನಾನು ಕಣ್ಣಮುಂದೆ ಬಂದೆ.

ಅವ್ವ ಅಳ್ತಾಳೆ ಅಂದುಕೊಂಡು ಕರ್ಚೀಫು ಕೈಯಲ್ಲಿ ಹಿಡ್ಕೊಂಡಿದ್ದೆ. ಅಳಲಿಲ್ಲ. ಜಮೀನು ಅಳೆಯೋಕೆ ಬಂದವಳ ಥರ ಕೈ ಅಡ್ಡ ಹಿಡಿದು ನೋಡಿದ್ಲು. ಇಗರ್ಜಿಯ ಎಡಕ್ಕೆ ಗಾಡಿ ಜಾಡು, ಅಲ್ಲಿಂದ ಆಲೆಮನೆ, ಅದರ ಹಿಂದೆ ನಮ್ಮ ಗದ್ದೆ, ಮೂರನೇ ಬಾವಿ ಸಿಹಿ ನೀರು ಅಂತ ಬರೀ ನೀರಿನ ಮೇಲೆ ಬೆರಳು ತೋರಿಸ್ತಾ ಹೋದ್ಲು. ಕ್ರಿಸ್‌ಮಸ್ ದಿನ ಇಗರ್ಜಿ ಕಡೆಯವರ ಮನೆಗಳಿಂದ ಕಜ್ಜಾಯ ಬರ್ತಿತ್ತಂತೆ, ಯುಗಾದಿಗೆ ಇವರ ಮನೆಯಿಂದ ಹೋಳಿಗೆ ಹೋಗ್ತಿತ್ತಂತೆ. ಅವರೆಲ್ಲ ಈಗ ಎಲ್ಲಿದ್ದಾರೋ. ತೆಪ್ಪದಲ್ಲಿ ಬಲೆ ಬಿಡಿಸ್ತಿದ್ದ ಮುದುಕರೊಬ್ಬರನ್ನ, "ಅಣ್ಣಾ, ಅತ್ಲಾಗೆ ಒಂದ್ ದೊಡ್ ಉಣ್ಸೇಮರ ಇತ್ತಲ್ಲಾ?" ಅಂತ ಕೂಗಿ ಕೇಳಿದ್ಲು. ಅವರು ಬಲೆಯಿಂದ ತಲೆ ಎತ್ತದೆ, "ಬೇಸ್ಗೇಲಿ ಮೋಟು ಕಾಣ್ತದೆ ಕಣಮ್ಮ, ಬಲೆ ಸಿಕ್ಕಾಕ್ಕಂತದೆ" ಅಂದ್ರು. ಅವ್ವನ ಮುಖ ಅರಳಿದ್ದು ನಾನು ಆ ವಾರದಲ್ಲಿ ನೋಡಿದ್ದು ಅದೇ ಮೊದಲು. ಮೋಟು ಇದೆಯಂತೆ!

ಮಾರನೇ ದಿನ ಮಂಗಳೂರು ಗಾಡಿ. ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ತೋರಿಸಿದ್ದಕ್ಕೆ "ಗಾಳಿ ಬರಲ್ವಲ್ಲ" ಅಂದ್ಲು, ಸಾದಾ ಸೀಟಿನಲ್ಲೇ ಕೂತ್ವಿ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡಿನವರೆಗೆ ಐವತ್ತೇಳು ಸುರಂಗ. ಗೇಜ್ ಬದಲಾಯಿಸೋಕೆ ಅಂತ ವರ್ಷಗಟ್ಟಲೆ ರೈಲು ನಿಂತಿದ್ದ ಕಾಲದಲ್ಲಿ ಹಳಿ ಹಿಡಿದು ಎಡಕುಮರಿಗೆ ನಡೆದು ಬಂದು ಪುಟಗಟ್ಟಲೆ ಬರೆದವರು ನಿಮ್ಮಲ್ಲೇ ಎಷ್ಟು ಜನ ಇದ್ದೀರೋ :-) 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಶುರುವಾದ ಮೇಲೆ ಆ ನಡಿಗೆ ಬಿದ್ದುಹೋಯ್ತು. ಬೆಟ್ಟ ಮಾತ್ರ ಸುಮ್ಮನಿರೋದಿಲ್ಲ. 2024ರ ಜುಲೈನಲ್ಲೂ ಎಡಕುಮರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಓಡಾಟ ನಿಂತಿತ್ತು. ಗಾಡಿ ಅಲ್ಲಿ ಬಸುರಿ ಹೆಂಗಸಿನ ಥರ ನಿಧಾನಕ್ಕೆ ಹೋಗುತ್ತೆ. ಸುರಂಗ ಬಂದಾಗೆಲ್ಲ ಹುಡುಗರು ಕಿರುಚ್ತಿದ್ರು. ಅವ್ವ ಬೆರಳ ಗೆಣ್ಣು ಎಣಿಸ್ತಾ ಕೂತು, ಕೊನೆಗೆ ಐವತ್ನಾಕು ಅಂದ್ಲು. ಮೂರು ಎಲ್ಲಿ ಕಳೆದುಹೋದ್ವು ಅಂದ್ರೆ, "ಆ ಟೀ ಮಾರವ್ನು ಬಂದು ಲೆಕ್ಕ ತಪ್ಪಿಸ್ದ" ಅಂತ ಅವನ ಮೇಲೆ ಹಾಕಿದ್ಲು.

ಘಾಟಿಯಲ್ಲಿ ಒಂದು ಹಳ್ಳ ತೋರಿಸಿ, ಇದು ನಮ್ಮ ಕಡೆ ಬರಲ್ಲ ಕಣವ್ವ, ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ಮಂಗಳೂರಿಗೆ ಹೋಗುತ್ತೆ ಅಂದೆ. (ಎತ್ತಿನಹೊಳೆ ಯೋಜನೆಯವರು ಈ ಕಡೆ ನೀರನ್ನೂ ಪೂರ್ವಕ್ಕೆ ಎತ್ತೋಕೆ ಹೊರಟು 2024ರಲ್ಲಿ ಮೊದಲ ಹಂತ ಉದ್ಘಾಟನೆಯೂ ಆಯ್ತು. ಆ ಜಗಳ ಇನ್ನೊಂದು ದಿನಕ್ಕಿರಲಿ.)

ಮಂಗಳೂರು ಮೈಸೂರಿನ ಹಾಗಲ್ಲ. ಮೈಸೂರಿನಲ್ಲಿ ಸಪಾಟು ರಸ್ತೆ, ನಿಧಾನದ ಮಾತು, ಚಳಿಗೆ ಶಾಲು. ಇಲ್ಲಿ ಜನವರಿಯಲ್ಲೂ ಬೆವರು, ಏರು ಇಳಿಜಾರು, ಒಂದೇ ಸಿಟಿ ಬಸ್ಸಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ. ಕಂಡಕ್ಟರ್ "ಎಲ್ಲಿಗೆ ಹೋಗ್ಲಿಕ್ಕೆ ಅಜ್ಜಿ?" ಅಂದಿದ್ದಕ್ಕೆ ಅವ್ವ ಅರ್ಧ ದಿನ ಅದನ್ನೇ ಅಣಕಿಸಿದ್ಲು. ಗೋಳಿಬಜೆಯನ್ನ "ಮಂಗ್ಳೂರ್ ಬೋಂಡ" ಅಂತ ಕರೆದು ಹೋಟೆಲಿನವನ ಹತ್ತಿರ ತಿದ್ದಿಸಿಕೊಂಡ್ಲು.

ರೊಸಾರಿಯೋ ಇಗರ್ಜಿಗೂ ಹೋದ್ವಿ. ಜಪಮಾಲೆ ಮಾತೆಯ ಹೆಸರಿನದು, ಶೆಟ್ಟಿಹಳ್ಳಿಯದಕ್ಕೂ ಅದೇ ಹೆಸರು. ಒಳಗೆ ಹಿಂದಿನ ಬೆಂಚಿನಲ್ಲಿ ಕೂತು ತಲೆ ಎತ್ತಿ, ಮೆಲ್ಲಗೆ, "ಇದಕ್ಕೆ ಸೂರು ಐತೆ ನೋಡು" ಅಂದ್ಲು.

ಸಮುದ್ರ ತೋರಿಸಿದ್ದು ತಣ್ಣೀರುಬಾವಿಯಲ್ಲಿ. ಸೀರೆ ಎತ್ತಿ ಕಟ್ಟಿ ಪಾದ ನೆನೆಸಿಕೊಂಡು, ಒಂದು ಬೊಗಸೆ ಬಾಯಿಗೆ ಹಾಕಿ ಉಗಿದ್ಲು. "ಇಷ್ಟ್ ನೀರೈತೆ, ಒಂದ್ ಎಕ್ರೆಗೂ ಆಗಲ್ಲ."

ವಾಪಸ್ಸು ಬರುವಾಗ ಮಂಗಳೂರಿನ ಹೆಂಚಿನ ಮನೆಗಳನ್ನ ನೋಡ್ತಾ ನೋಡ್ತಾ ಅವಳಿಗೆ ನೆನಪಾಯ್ತು. ತವರಿನ ಮನೆ ಬಿಚ್ಚುವಾಗ ಮಾವ ಹೆಂಚು ಇಳಿಸಿ ಗಾಡಿಗೆ ಹೇರಿಕೊಂಡು ಬಂದಿದ್ದ, ಅದರಲ್ಲಿ ಮಿಕ್ಕಿದ್ದು ಹಾಸನದ ನಮ್ಮ ಮನೆ ಹಿತ್ತಲ ಬಚ್ಚಲಿನ ಮೇಲಿದೆ. ಅದರ ಕೆಳಗೇ ನಾನು ಹುಟ್ಟಿದಾಗಿಂದ ಸ್ನಾನ ಮಾಡಿದ್ದೀನಿ, ಒಂದು ದಿನವೂ ಕೇಳಿಲ್ಲ. ಮನೆ ಸೇರಿದವಳೇ ಏಣಿ ಹಾಕಿಸಿ ಒಂದು ಇಳಿಸು ಅಂದ್ಲು. ತೆಂಗಿನ ನಾರಿನಿಂದ ಪಾಚಿ ಉಜ್ಜಿದಾಗ ಇಂಗ್ಲಿಷ್ ಅಕ್ಷರ ಎದ್ದು ಬಂತು.

"ಏನ್ ಬರ್ದದೆ?"

"ಮಂಗಳೂರು ಅಂತಿದೆ ಕಣವ್ವ."

"ಅಂಗಾರೆ ಇದೂ ರೈಲಲ್ಲೇ ಬಂದಿತ್ತಾ?"

"ಆಗ ರೈಲೆಲ್ಲಿತ್ತವ್ವ, ಘಾಟಿ ಹತ್ತಿ ಗಾಡೀಲೋ ಲಾರೀಲೋ ಬಂದಿರಬೇಕು."

ಸ್ವಲ್ಪ ಹೊತ್ತು ಅದನ್ನ ಮಡಿಲಲ್ಲಿ ಇಟ್ಟುಕೊಂಡಿದ್ದು, ಆಮೇಲೆ ನನ್ನ ಕೈಗೆ ಕೊಟ್ಟಳು. "ಇದ್ದಲ್ಲೇ ಇಡು. ಸರ್ಯಾಗ್ ಜೋಡ್ಸು, ಮಳೆ ಬಂದ್ರೆ ಸೋರ್ತದೆ."