ನಡೆಯುತ್ತಿರುವ ಯಂತ್ರಕ್ಕೆ ಕೈಹಚ್ಚಬೇಕೆ?

ಹಿಟ್ಟಿನ ಗಿರಣಿಯಿರಲಿ, ತೋಟದ ಪಂಪ್‌ಸೆಟ್ಟಿರಲಿ, ಸದ್ದು ಬದಲಾದಾಗ ಮಾತ್ರ ಮಿಸ್ತ್ರಿಯನ್ನು ಕರೆಯುವುದು ನಮ್ಮ ಹಿರಿಯರ ರೂಢಿ. ಬಹುಮಟ್ಟಿಗೆ ಅದು ಸರಿಯೂ ಹೌದು. ಗಣಕಯಂತ್ರದ ಬಯಾಸ್ ವಿಷಯದಲ್ಲಿಯೂ ಬಲ್ಲವರು ಬಹುಕಾಲ ಇದನ್ನೇ ಹೇಳುತ್ತ ಬಂದಿದ್ದಾರೆ. ೨೦೨೪ರಲ್ಲಿ ಮಾತ್ರ ಈ ರೂಢಿಯನ್ನು ಮೀರುವುದೋ ಬೇಡವೋ ಎಂಬ ಪ್ರಶ್ನೆ ನಮ್ಮ ಮನೆಯೊಳಗೇ ಎದ್ದಿತು.

ಬಯಾಸ್ ಎಂದರೆ ಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಎಲ್ಲಕ್ಕಿಂತ ಮೊದಲು ಎಚ್ಚರಗೊಳ್ಳುವ ಆದೇಶಗಳ ಸಂಗ್ರಹ. ಮದರ್‌ಬೋರ್ಡಿನ ಮೇಲಣ ಒಂದು ಸಣ್ಣ ಚಿಪ್ಪಿನಲ್ಲಿ ಅದರ ವಾಸ. ಅದನ್ನು ಅಳಿಸಿ ಹೊಸದನ್ನು ಬರೆಯುವ ನಾಲ್ಕಾರು ನಿಮಿಷಗಳಲ್ಲಿ ಕರೆಂಟು ಹೋದರೆ ಬೋರ್ಡು ಮತ್ತೆ ಏಳದೆಯೇ ಹೋಗಬಹುದು. ಮಳೆಗಾಲದ ನಮ್ಮೂರಿನ ವಿದ್ಯುತ್ತಿನ ನಡತೆಯನ್ನು ಬಲ್ಲವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ತಮ್ಮನ ಮಗಳು ವಾಸ್ತುಶಿಲ್ಪದ ವಿದ್ಯಾರ್ಥಿನಿ. ಆಕೆಗಾಗಿ ೨೦೨೩ರಲ್ಲಿ ಕೊಂಡ ಯಂತ್ರದಲ್ಲಿರುವುದು ಇಂಟೆಲ್‌ನ ಹದಿಮೂರನೆಯ ಪೀಳಿಗೆಯ ಕೋರ್ ಐ೭-೧೩೭೦೦ಕೆ ಪ್ರೊಸೆಸರ್. ಆ ಪೀಳಿಗೆಯ ಹಾಗೂ ಹದಿನಾಲ್ಕನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಕೆಲವರ ಯಂತ್ರಗಳಲ್ಲಿ ಅಸ್ಥಿರಗೊಂಡು, ಆಟಗಳೂ ಭಾರವಾದ ಕೆಲಸಗಳೂ ನಡುವೆಯೇ ನಿಂತುಹೋಗುತ್ತಿದ್ದವು. ಪ್ರೊಸೆಸರಿನೊಳಗಣ ಮೈಕ್ರೋಕೋಡ್ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಕೇಳುತ್ತಿದೆಯೆಂದು ೨೦೨೪ರ ಜುಲೈಯಲ್ಲಿ ಇಂಟೆಲ್ ಒಪ್ಪಿಕೊಂಡಿತು. ಆಗಸ್ಟಿನ ೦ಎಕ್ಸ್೧೨೯ ಎಂಬ ತಿದ್ದುಪಡಿ ೧.೫೫ ವೋಲ್ಟಿಗಿಂತ ಮೇಲಿನ ಬೇಡಿಕೆಯನ್ನು ತಡೆಯಿತು. ಸೆಪ್ಟೆಂಬರಿನ ೦ಎಕ್ಸ್೧೨ಬಿ ಯಂತ್ರ ಸುಮ್ಮನಿರುವಾಗಲೂ ಏರುತ್ತಿದ್ದ ವೋಲ್ಟೇಜನ್ನು ಸರಿಪಡಿಸಿತು. ಇವೆರಡೂ ಮದರ್‌ಬೋರ್ಡ್ ತಯಾರಕರ ಬಯಾಸ್ ಮೂಲಕವೇ ಬಂದವು.

ನಮ್ಮ ಯಂತ್ರದಲ್ಲಿ ಒಂದು ದಿನವೂ ತೊಂದರೆ ಕಂಡಿರಲಿಲ್ಲ. ಅಂಗಡಿಯ ಹುಡುಗನಂತೂ, “ಚಲೋ ನಡದೈತಲ್ರಿ, ಯಾಕ ಮುಟ್ಟತೀರಿ?” ಎಂದ. ಆತನ ಮಾತು ಗಿರಣಿಗೆ ಒಪ್ಪುವಂಥದು. ಇಲ್ಲಿ ಮಾತ್ರ ಹಾನಿ ಮೊದಲು, ಸದ್ದು ಆಮೇಲೆ. ಹೆಚ್ಚಿನ ವೋಲ್ಟೇಜು ಮತ್ತು ಕಾವಿನಿಂದ ಪ್ರೊಸೆಸರಿನೊಳಗಣ ಗಡಿಯಾರದ ಮಂಡಲವೊಂದು ಬೇಗ ಸವೆಯುತ್ತದೆ. ಸವೆದುದನ್ನು ಯಾವ ತಿದ್ದುಪಡಿಯೂ ಹಿಂದಕ್ಕೆ ತರಲಾರದು. ಮುಂದಿನ ಸವೆತವನ್ನು ತಡೆಯುವುದಷ್ಟೇ ಅದರ ಕೆಲಸ. ಇಂಟೆಲ್ ಖಾತರಿಯ ಅವಧಿಗೆ ಎರಡು ವರ್ಷ ಕೂಡಿಸಿದ್ದು ನಿಜ. ಖಾತರಿ ಹೊಸ ಪ್ರೊಸೆಸರನ್ನು ಕೊಟ್ಟೀತು, ಪರೀಕ್ಷೆಯ ವಾರದಲ್ಲಿ ಕಳೆದ ದಿನಗಳನ್ನು ಕೊಡದು.

ಆದುದರಿಂದ ಅಂದೇ ಹಾಕಿಬಿಡೋಣವೆಂದು ನಾವು ಹೊರಟೆವು. ಮಗಳು ತಡೆದಳು. “ದೊಡ್ಡಪ್ಪಾ, ನಕಾಶೆ ಒಪ್ಪಿಸಲಿಕ್ಕೆ ಇನ್ನ ಹದಿನೈದು ದಿನ ಐತಿ. ಬೋರ್ಡು ಏಳಲಿಲ್ಲಾ ಅಂದ್ರ?” ಅವಳ ಲೆಕ್ಕ ನಮ್ಮದಕ್ಕಿಂತ ನಿಖರವಾಗಿತ್ತೆಂದೇ ನಮ್ಮ ಭಾವನೆ. ಸವೆತ ತಿಂಗಳುಗಟ್ಟಲೆ ನಡೆಯುವ ಕ್ರಿಯೆ. ಬೋರ್ಡು ಕೆಡುವುದು ಒಂದು ಗಳಿಗೆಯ ಮಾತು. ಅಲ್ಲಿಯವರೆಗೆ ಬಯಾಸಿನೊಳಗೆ ಇಂಟೆಲ್ ಸೂಚಿಸಿದ ಮೂಲ ಮಿತಿಗಳನ್ನು ಇರಿಸಿ, ನಕಾಶೆಗಳನ್ನು ಎರಡು ಬೇರೆ ಡಿಸ್ಕುಗಳಿಗೆ ಇಳಿಸಿಕೊಂಡೆವು.

ನಕಾಶೆ ಒಪ್ಪಿಸಿದ ಮರುದಿನ ಬೆಳಿಗ್ಗೆ, ಯುಪಿಎಸ್‌ನ ಬ್ಯಾಟರಿ ತುಂಬಿರುವುದನ್ನು ನೋಡಿಕೊಂಡು ಕುಳಿತೆವು. ಬೋರ್ಡಿನ ಮಾದರಿಯ ಹೆಸರನ್ನು ಅಕ್ಷರವೂ ತಪ್ಪದಂತೆ ಓದಿ, ತಯಾರಕರ ತಾಣದಿಂದಲೇ ಕಡತವನ್ನು ಪಡೆದು ಪೆನ್‌ಡ್ರೈವಿಗೆ ಹಾಕಿದೆವು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದುದರಿಂದ ಅದರ ಕೀಲಿಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೆವು. ಬಯಾಸ್ ಬದಲಾದಾಗ ವಿಂಡೋಸ್ ಅದನ್ನು ಕೇಳುವುದುಂಟು, ನಮ್ಮದೂ ಕೇಳಿತು. ಯಂತ್ರ ತಾನಾಗಿ ಆರಿ ಮತ್ತೆ ಹೊತ್ತಿಕೊಂಡಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಹಳೆಯ ಹೊಂದಾಣಿಕೆಗಳೆಲ್ಲ ಅಳಿಸಿಹೋಗಿದ್ದವು. ಮೆಮೊರಿಯ ವೇಗ ಹಾಗೂ ಫ್ಯಾನಿನ ವೇಗವನ್ನು ಹೊಸದಾಗಿ ಹೊಂದಿಸಬೇಕಾಯಿತು.

೨೦೨೫ರ ಮೇ ತಿಂಗಳಲ್ಲಿ ೦ಎಕ್ಸ್೧೨ಎಫ್ ಎಂಬ ಇನ್ನೊಂದು ತಿದ್ದುಪಡಿ ಬಂದಿತು. ಆರಿಸದೆ ದಿನಗಟ್ಟಲೆ ಹಗುರವಾದ ಕೆಲಸದಲ್ಲಿಡುವ ಯಂತ್ರಗಳಿಗೆ ಅದು ಮುಖ್ಯ. ನಮ್ಮ ಮನೆಯ ಯಂತ್ರ ರಾತ್ರಿ ಆರುತ್ತದೆ. ಆದರೂ ಮಗಳು ಪರೀಕ್ಷೆಗಳೆಲ್ಲ ಮುಗಿದ ಮೇಲೆ, ನಮ್ಮನ್ನು ಕೇಳದೆಯೇ, ತಾನೇ ಹಾಕಿಕೊಂಡಳು.